ಅಲಾರಂನ ಬ್ಯಾಟರಿ

ತಮ್ಮಾ,

“ಆ ಕೆಂಪು ದೀಪ ಯಾಕೆ ಮಿಣುಕ್ತಿಲ್ಲ ಕಣೇ?” ಅಂತ ಅಮ್ಮ ಮಲಗಿದಲ್ಲಿಂದಲೇ ಕೇಳಿದಳು. ನೋಡಿದರೆ ಹೊಗೆ ಅಲಾರಂನ ಬ್ಯಾಟರಿ ನಿನ್ನ ಟಿವಿ ರಿಮೋಟಿನಲ್ಲಿ! ನೀನು ಅದರ ಬಾಯಿ ಮುಚ್ಚಿಸಿದೆ, ನನ್ನ ಬಾಯಿ ಮುಚ್ಚಿಸಲಾರೆ.

ಅದು ಸುಮ್ಮಸುಮ್ಮನೆ ಕೂಗುತ್ತಿರಲಿಲ್ಲ. ನೀನು ಬಚ್ಚಲ ಬಾಗಿಲು ತೆರೆದಿಟ್ಟು ಸ್ನಾನ ಮಾಡುತ್ತೀಯ. ಆ ಹಬೆಯನ್ನೇ ಅದು ಹೊಗೆ ಅಂದುಕೊಳ್ಳುತ್ತದೆ. ಒಳಗೆ ಧೂಳೂ ತುಂಬಿತ್ತು. ಬ್ರಷ್ಷಿನಿಂದ ಕೊಡವಿ, ಬ್ಯಾಟರಿ ಮತ್ತೆ ಹಾಕಿ, ಬಚ್ಚಲಿನಿಂದ ದೂರಕ್ಕೆ, ಅಮ್ಮನಿಗೆ ಕಾಣುವ ಹಾಗೆ ಅದನ್ನು ತೂಗುಹಾಕಿದ್ದೇನೆ. ಇನ್ನೊಮ್ಮೆ ಮುಟ್ಟಿದರೆ ಕೈ ಮುರಿಯುತ್ತೇನೆ.

ನಾನು ಬರುವುದು ಸಂಜೆ. ಬಾಗಿಲು ಹಾಕಿಕೊಂಡು ಸ್ನಾನ ಮಾಡು. ಅಮ್ಮನಿಗೆ ಮಧ್ಯಾಹ್ನದ ಮಾತ್ರೆ ಕೊಡು.

ಅಲಾರಂ ಕೂಗಿದರೆ ಸುಳ್ಳೋ ನಿಜವೋ ಆಮೇಲೆ ನೋಡು. ಮೊದಲು ಅಮ್ಮನ ಹತ್ತಿರ ಓಡು. ಅವಳಿಗೆ ಎದ್ದು ಓಡಲು ಆಗುವುದಿಲ್ಲ.

ಅಕ್ಕ