ಅಪ್ಪನ ಪಕ್ಕದ ಕುರ್ಚಿ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಆ ಗ್ರಂಥಾಲಯದಲ್ಲಿ ಕಿಟಕಿ ಪಕ್ಕ ಕೂರಬೇಡ ಎಂದು ಅಮ್ಮ ಹೇಳಿಸಿದ್ದಾಳೆ. ಅಪ್ಪನ ಕಣ್ಣು ಇನ್ನಷ್ಟು ಮಂಜಾಗಿದೆ. ಹುರುಪು ಮಾತ್ರ ಹಾಗೇ ಇದೆ. ಇಥಿಯೋಪಿಯದ ರಾಜರ ಬಗ್ಗೆ ಅವರು ಬರೆಯುತ್ತಿದ್ದ ಪುಸ್ತಕ ಇನ್ನೇನು ಅಚ್ಚಿಗೆ ಹೋಗಬೇಕು.

ನೀನು ಗ್ರಂಥಾಲಯದ ಕೆಲಸಕ್ಕೆಂದು ಪರವೂರಿಗೆ ಹೊರಟ ಮೇಲೆ ಇಥಿಯೋಪಿಯದ ಹಳೆಯ ಗೀಜ್ ಭಾಷೆಯ ಬರಹಗಳನ್ನು ಅಪ್ಪನಿಗೆ ಓದಿ ಹೇಳುತ್ತಿದ್ದವನು ನಾನು. ಕಾಲೇಜಿನ ಮೆಟ್ಟಿಲು ಹತ್ತದೆ, ಎಲ್ಲರೂ ಕಲಿಯಲೆಂದು ಅಪ್ಪನ ಗೆಳೆಯರು ಅಚ್ಚು ಹಾಕಿಸಿದ್ದ ಕಿರುಹೊತ್ತಗೆಗಳಿಂದಲೇ ಆ ಲಿಪಿ ಕಲಿತೆ. ವಿದ್ಯೆ ಪದವೀಧರರ ಆಸ್ತಿಯಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ಈಗ ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂರುವುದು ನಿನ್ನ ಹೆಂಡತಿ. ಅತ್ತಿಗೆಗೆ ಅರಬ್ಬಿ, ಹೀಬ್ರೂ ಬೇರೆ ಬರುತ್ತವೆ. ಒಂದು ಪದ ಸಿಕ್ಕಿದರೆ ಸಾಕು, ಮೂರೂ ಭಾಷೆಗಳಿಂದ ಅದರ ನೆಂಟರಿಷ್ಟರನ್ನೆಲ್ಲ ಕರೆತಂದು ನಿಲ್ಲಿಸುತ್ತಾರೆ. ಅಪ್ಪ ಹಿಗ್ಗಿ ಹೀರೇಕಾಯಿ. ನಾನು ಎದುರಿಗೆ ಪೆನ್ಸಿಲ್ ಕೆತ್ತುತ್ತಾ ಕೂತಿರುತ್ತೇನೆ. ಹೊಟ್ಟೆ ಉರಿಯುತ್ತದೆ ಅಣ್ಣಾ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ?

ಮೊನ್ನೆ ಕರಡು ತಿದ್ದುವಾಗ ಅತ್ತಿಗೆಯದೊಂದು ತಪ್ಪು ಕೈಗೆ ಸಿಕ್ಕಿತು. ಆ ನಾಡಿನ ಕಾಲಗಣನೆ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ ನಡೆಯುತ್ತದಲ್ಲ, ದಾನಪತ್ರವೊಂದರ ಇಸವಿಗೆ ಆ ವರ್ಷಗಳನ್ನು ಕೂಡಿಸುವುದನ್ನೇ ಮರೆತಿದ್ದರು. ಹಾಗಾಗಿ ರಾಜನೊಬ್ಬ ಪಟ್ಟಕ್ಕೆ ಬರುವ ಮೊದಲೇ ಊರೊಂದನ್ನು ದಾನ ಕೊಟ್ಟಿದ್ದ. ನಾನು ಬಿಡುತ್ತೇನೆಯೇ? ಎಲ್ಲರೂ ಊಟಕ್ಕೆ ಕೂತಾಗಲೇ ಮಾತೆತ್ತಿದೆ. ಅತ್ತಿಗೆಯ ಮುಖ ಸಣ್ಣದಾಗುತ್ತದೆ ಎಂದುಕೊಂಡಿದ್ದೆ. ಅವರು ಬಿದ್ದುಬಿದ್ದು ನಕ್ಕರು. "ನೀನು ನೋಡದೇ ಇದ್ದಿದ್ರೆ ನನ್ನ ಮಾನ ಹೋಗ್ತಿತ್ತು ಕಣೋ," ಎಂದರು. ಅಪ್ಪ ನನ್ನ ಕಡೆ ತಿರುಗಿ, "ತಪ್ಪು ಒಪ್ಕೊಳ್ಳೋದು ಹೇಗೆ ಅಂತ ನಿಮ್ಮತ್ತಿಗೇನ ನೋಡಿ ಕಲಿ," ಎಂದರು. ತಪ್ಪು ಹಿಡಿದವನು ನಾನು, ಶಹಬ್ಬಾಸ್‌ಗಿರಿ ಅವರಿಗೆ. ಇದು ಯಾವ ನ್ಯಾಯ?

ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ಪುಟ್ಟ ಪಂಡಿತ

ತಾ.ಕ.: ಅತ್ತಿಗೆಯನ್ನು ಬೇಗ ಅಲ್ಲಿಗೆ ಕರೆಸಿಕೊ ಎಂದು ಕೇಳಲೆಂದೇ ಈ ಪತ್ರ ಬರೆಯಲು ಕೂತೆ. ಅಷ್ಟರಲ್ಲಿ ಅವರೇ ಬಂದು ಪುಸ್ತಕದ ಮೊದಲ ಪುಟ ತೋರಿಸಿ ಹೋದರು. ಅಪ್ಪನ ಹೆಸರಿನ ಕೆಳಗೆ ನನ್ನದು, ಅದರ ಕೆಳಗೆ ಅವರದು. ಕೋಪಕ್ಕೂ ಒಂದು ನೆಪ ಉಳಿಸಲಿಲ್ಲ ನೋಡು. ನಾಳೆಯಿಂದ ಹೀಬ್ರೂ ಕಲಿಸುತ್ತಾರಂತೆ. ಸದ್ಯಕ್ಕೆ ಕರೆಸಿಕೊಳ್ಳಬೇಡ. ಅವರನ್ನು ಮೀರಿಸುವಷ್ಟು ಕಲಿತ ದಿನ ನಾನೇ ರೈಲು ಹತ್ತಿಸಿ ಕಳಿಸುತ್ತೇನೆ.