ಸಗಣಿ ನೀರಿನ ಲೆಟ್ಯೂಸ್

೧೦ ಅಕ್ಟೋಬರ್ ೨೦೧೧, ಸೋಮವಾರ

ಏಳಕ್ಕ ಕ್ಯಾಂಟೀನ್, ಅಡಿಗಿ ಮನಿ ಉಸ್ತುವಾರಿ ನಂದ. ಲೆಟ್ಯೂಸ್ ಇಪ್ಪತ್ತು ಕೆಜಿ ಬಂತು. ಮೂರು ಸಲ ತೊಳಿಸಿದೆ, ಕಡೀ ಸಲ ಕ್ಲೋರಿನ್ ನೀರಾಗ. ಮಧ್ಯಾಹ್ನ ಸಾಫ್ಟ್‌ವೇರ್ ಮಂದಿ ಪಾಳೀ ಹಚ್ಚಿ ತಿಂದ್ರು. ರೊಟ್ಟಿ ಇಲ್ಲ, ಹಿಂಡಿ ಇಲ್ಲ, ಬರೇ ಸೊಪ್ಪು ತಪ್ಪಲ! ನಮ್ಮೂರು ರೋಣದಾಗ ಹಸೀ ಹಕ್ಕರಕಿ ತಪ್ಪಲ ತಿಂದ್ರ ಹಳ್ಳಿ ಊಟ, ಇಲ್ಲಿ ಅದಕ್ಕ ಡಯಟ್ ಅಂತಾರ.

ಲೆಟ್ಯೂಸ್ ಬೆಳಿಯೋದು ಕೃಷ್ಣಮ್ಮ ಅಕ್ಕ. ಕುಂದಲಹಳ್ಳಿ ಹಿಂದ, ಎರಡು ಅಪಾರ್ಟ್‌ಮೆಂಟ್ ನಡುವ ಅರ್ಧ ಎಕರೆ. ಬಿಲ್ಡರ್‌ಗೆ ಕೊಟ್ಬುಡು ಅಂತ ಮಗ ದಿನಾ ಜೀವ ತಿಂತಾನ. "ಕ್ಯಾಂಟೀನ್ನೋರು ಸೊಪ್ಪು ತಗೊಳ್ಳೋಗಂಟ ಒಲ ಕೊಡಾಕಿಲ್ಲ" ಅಂತಾಳ ಅಕ್ಕ.

ಹೋದ ತಿಂಗಳು ಎಲಿಗೆ ಹುಳ ಬಿದ್ದಾಗ ನಾನೇ ಉಪಾಯ ಹೇಳಿದ್ದೆ — ಔಷಧ ಬ್ಯಾಡ, ಹಸೀ ಸಗಣಿ ಕದಡಿ ಎಲಿ ಮ್ಯಾಲ ಚಿಮುಕಿಸ್ರಿ, ನಮ್ಮವ್ವ ಬದನಿ ಗಿಡಕ್ಕ ಹಿಂಗ ಮಾಡ್ತಾಳ. ಹುಳ ಕಮ್ಮಿ ಆದ್ವಂತ. ನಾನೂ ದೊಡ್ಡ ಕೃಷಿ ವಿಜ್ಞಾನಿ ಆಗಿ ತಿರಗ್ಯಾಡಿದೆ.

೧೪ ಅಕ್ಟೋಬರ್, ಶುಕ್ರವಾರ

ನಮ್ಮ ಕ್ಯಾಂಟೀನಿನ ಸೊಪ್ಪು ತರಕಾರಿ ಪರೀಕ್ಷಾ ಮಾಡೋ ಪೀಣ್ಯದ ಲ್ಯಾಬಿನಿಂದ ಐಶ್ವರ್ಯಾ ಫೋನು — "ಮೇಡಂ, ಲೆಟ್ಯೂಸ್ ಸ್ಯಾಂಪಲ್ ಫೇಲ್. ಇ. ಕೊಲೈ ಬ್ಯಾಕ್ಟೀರಿಯಾ ಇದೆ. ರೋಗ ತರೋ ಜಾತೀದೇ."

"ಮೂರು ಸಲ ತೊಳಿತೇವಲ್ಲ ತಂಗಿ?"

"ತೊಳೆದ್ರೆ ಕಮ್ಮಿ ಆಗತ್ತೆ, ಪೂರ್ತಿ ಹೋಗಲ್ಲ ಮೇಡಂ. ಎಲೆ ಮಡಿಕೇಲಿ ಅಂಟ್ಕೊಂಡು ಕೂತಿರತ್ತೆ. ಬೆಳೆಯೋವಾಗ್ಲೇ ಸೇರಿರ್ಬೇಕು. ಹಸಿ ಸಗಣಿ ಏನಾದ್ರೂ ಹಾಕ್ತಾರಾ?"

"ಹಲೋ... ಹಲೋ... ಕೇಳಸವಲ್ದು" ಅಂತ ಫೋನ್ ಇಟ್ಟೆ. ಭಾಳ ಸ್ಪಷ್ಟ ಕೇಳಸ್ತಿತ್ತು.

ಇದ್ದ ಲೆಟ್ಯೂಸ್ ಪೂರಾ ಚೆಲ್ಲಿಸಿದ್ವಿ. ಪುಣ್ಯಾಕ್ಕ ಯಾರಿಗೂ ಏನೂ ಆಗಿಲ್ಲ. ಮ್ಯಾನೇಜರ್ ಪರಮಾನಂದ ಸರ್ ಅಂದ್ರು — "ಆ ಯಮ್ಮ ಕೈ ತೊಳ್ಕೊಳಲ್ಲ ಅನ್ಸುತ್ತೆ. ಆರ್ಡರ್ ಬಂದ್ ಮಾಡಿ." ನಾ ಆರ್ಡರ್ ಬುಕ್ಕಿನಾಗ ಅಕ್ಕನ ಹೆಸರಿಗೆ ಗೀಟು ಹೊಡದೆ. ಥೂ ನನ್ನ.

೧೫ ಅಕ್ಟೋಬರ್, ಶನಿವಾರ

ಹೋಗಿ ಅಕ್ಕಗ ಎಲ್ಲಾ ಹೇಳಿದೆ. ನನ್ನ ಮ್ಯಾಲೆ ಸಿಟ್ಟಾಗ್ತಾಳ ಅನ್ಕೊಂಡ್ರ, ಸಗಣಿಗೆ ಅಂದದ್ದಕ್ಕ ಸಿಟ್ಟಾದ್ಲು!

"ಗೋಮಾತೆ ಸಗಣೀಲಿ ರೋಗವಾ? ಬಾಯ್ ತೊಳ್ಕೊ ಓಗು! ಮನೆ ಸಾರ್ಸಾಕೂ ಅದೇ, ಒಸಾ ಬಿದಿರು ಪುಟ್ಟಿಗೆ ಬಳಿಯಾಕೂ ಅದೇ, ಗಣಪ್ಪನ್ ಮಾಡಾಕೂ ಅದೇ!"

"ಗಣಪ್ಪನ್ನ ಯಾರೂ ಸಾಲಡ್ ಮಾಡಿ ತಿನ್ನಂಗಿಲ್ಲಲ್ಲ ಅಕ್ಕಾ."

ಅಕ್ಕ ಸೆರಗು ಬಾಯಿಗೆ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು.

ನಮ್ಮವ್ವ ಬದನಿಕಾಯಿ ಎಣ್ಣ್ಯಾಗ ಬೇಯಿಸ್ತಾಳ. ಇದನ್ನ ಮಂದಿ ಹಸೀದೇ ತಿಂತಾರ. ಇಷ್ಟು ನನ್ನ ತಲಿಗೆ ಹೊಳಿಲಿಲ್ಲ ನೋಡು. ಹುಟ್ಟಿನಿಂದ ಹಸೀ ತಪ್ಪಲ ತಿಂದಾಕಿ ನಾನು!

೧೭ ಅಕ್ಟೋಬರ್, ಸೋಮವಾರ

ಹೇಳಿಬಿಟ್ಟೆ. "ಸರ್, ತಪ್ಪು ಆಕಿ ಕೈದಲ್ರಿ, ನನ್ನ ಬಾಯಿದು." ಸರ್ ಕನ್ನಡಕ ತಗದು ಒರಿಸಿದ್ರು. ಮತ್ತ ಹಾಕ್ಕೊಂಡ್ರು.

"ಶುಕ್ರವಾರನೇ ಹೇಳೋಕೆ ಏನಾಗಿತ್ತಮ್ಮ ಮಹಾನಂದಾ?"

"ಅಂಜಿಕಿ ಸರ್."

ಬೈದ್ರು. ಬೈದ ಮ್ಯಾಲ ಚಹಾ ತರಿಸಿದ್ರು. ಷರತ್ತು ಹಾಕಿದ್ರು: ಇದ್ದ ಬೆಳಿ ಪೂರಾ ಕೀಳಬೇಕು. ಸಗಣಿ ಬೀಳದ ಮೂಲ್ಯಾಗ ಹೊಸಾ ಮಡಿ. ಬೋರ್ ನೀರು, ಅದೂ ಡ್ರಿಪ್‌ನಾಗ, ಬುಡಕ್ಕಷ್ಟ. ಎರಡು ಸ್ಯಾಂಪಲ್ ಪಾಸಾದ್ರ ಮತ್ತ ಆರ್ಡರ್. ಆಗಲಿಲ್ಲಂದ್ರ ಅಕ್ಕನ ಹೊಲಾನೂ ಹೋತು, ನನ್ನ ನೌಕರಿನೂ ಹೋತು.

೨೦ ನವೆಂಬರ್, ಭಾನುವಾರ

ರಜಾ ದಿನ ಹೊಲಕ್ಕ ಹೋಗಿದ್ದೆ. ಎಲಿ ಅಂಗೈ ಅಗಲ ಆಗ್ಯಾವು. ಪಕ್ಕದ ಮನಿ ಆಕಳು ಬೇಲಿ ದಾಟಿ ಬಂತು. ಅಕ್ಕ ಕೋಲು ಹಿಡದು ಗೇಟಿನ ತನಕ ಓಡಿಸಿದ್ಲು. ಆಮ್ಯಾಲ ಅದರ ಬಾಲಕ್ಕ ಕೈ ಮುಗದ್ಲು.

೫ ಡಿಸೆಂಬರ್, ಸೋಮವಾರ, ಬೆಳಿಗ್ಗೆ ೮.೩೦

ಪಾಸ್! ಎರಡೂ ಪಾಸ್!! ಮೊನ್ನಿ ಶನಿವಾರ ಐಶ್ವರ್ಯಾ ಫೋನಿನಾಗ "ಈಗ ಕೇಳಿಸ್ತಿದ್ಯಾ ಮೇಡಂ?" ಅಂದ್ಲು. ಕಳ್ಳಿ, ನೆನಪಿಟ್ಟಾಳ.

ಅಕ್ಕಗ ಸುದ್ದಿ ಮುಟ್ಟಿಸಿದೆ. ಅತ್ಲು, ನಕ್ಲು, "ಸೋಮವಾರ ಮೊದಲ್ನೇ ಕೊಯ್ಲು ನಾನೇ ಒತ್ಕೊಂಡ್ ಬತ್ತೀನಿ" ಅಂದ್ಲು. ಈಗ ಪರಮಾನಂದ ಸರ್ ಬಾಗಲದಾಗ ಕಾಯಾಕತ್ತಾರ, ಮೊದಲ ಎಲಿ ತಾವೇ ಹಸೀದೇ ತಿಂತಾರಂತ.

ಬಂದ್ಲು, ಕಿಟಕಿಯಾಗ ಕಾಣ್ತಾಳ. ರೇಷ್ಮಿ ಸೀರಿ! ತಲಿ ಮ್ಯಾಲ ಹೊಸಾ ಬಿದಿರಿನ ಬುಟ್ಟಿ, ಲೆಟ್ಯೂಸ್ ತುಂಬಿ ತುಳಕಾಕತ್ತದ. ಸುತ್ತ ಅರಿಷಿಣ ಕುಂಕುಮ ಹಚ್ಯಾಳ. ನನಗ ಕಣ್ಣಾಗ ನೀರು ಬಂತು... ಬುಟ್ಟಿ ಯಾಕ ಹಿಂಗ ಹಸರು ಹಸರು? ಇನ್ನೂ ಹಸೀನ ಐತಿ...

ಯವ್ವಾ! ಒಳ್ಳೇ ಕೆಲಸ ಅಂತ ಬುಟ್ಟಿಗೆ ಸಗಣಿ ಬಳಕೊಂಡು ಬಂದಾಳ! ಸರ್ ಎಲಿಗೆ ಕೈ ಹಾಕಾಕ—