ಹಿತ್ತಲ ಮನೆಯಲ್ಲಿ ಇರು ಅಂದೆಯಂತೆ

ದಾಂಡೇಲಿ
ಫೆಬ್ರವರಿ ೯, ಭಾನುವಾರ

ಅವ್ವನಿಗೆ ದಾನೇಶ್ವರಿಯ ಶರಣು.

ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಅಳುತ್ತೀ. ಆಮೇಲೆ ನಾನೇ ಸಮಾಧಾನ ಮಾಡಬೇಕು. ಅದಕ್ಕೇ ಬರೆಯುತ್ತಿದ್ದೇನೆ. ನೀನೇ ಓದು, ತಮ್ಮನ ಕೈಗೆ ಕೊಡಬೇಡ.

ನಿನ್ನೆ ತಮ್ಮ ವೀರೇಶ ನಮ್ಮೂರು ಚಿಗಳ್ಳಿಯಿಂದ ಬಂದಿದ್ದ. ಬಸ್ ಸ್ಟ್ಯಾಂಡಿನಲ್ಲಿ ನಾನು ಆಟೋದಲ್ಲಿ ಕೂತಿದ್ದು ಕಂಡು ಮುಖ ತಿರುಗಿಸಿದ. ನಾನೇ ಕರೆದೆ. ತನ್ನ ಮದುವೆ ಕಾರ್ಡು ಕೊಟ್ಟು, “ಸಾಹೇಬ್ರು ಬರಾಕತ್ತಾರ. ಅವ್ರು ಹೋಗೂತನಾ ನೀ ಹಿತ್ತಲ ಮನ್ಯಾಗ ಇರಬೇಕಂತ. ಅವ್ವ ಹೇಳ್ಯಾಳ” ಅಂದ.

ಇದು ನಿನ್ನ ಮಾತೇ ಅವ್ವಾ?

ಆ ಸಾಹೇಬನ ಪಕ್ಷದ ಕಚೇರಿಯಲ್ಲಿ ನಾನು ಟೈಪು ಮಾಡುತ್ತಿದ್ದವಳು. ಸಹಿಗೆಂದು ಅಂಬಿಕಾನಗರದ ಕಡೆಯ ಬಂಗಲೆಗೆ ಕರೆಸಿದ, ಬಾಗಿಲು ಹಾಕಿದ. ನಾನು ಕೈ ಕೊಸರಿಕೊಂಡು, ದುಪಟ್ಟಾ ಅಲ್ಲೇ ಬಿಟ್ಟು ಓಡಿದೆ. ಹಾಗೆ ಓಡುವಾಗ ಯಾರೋ ತೆಗೆದ ಫೋಟೋ ಚುನಾವಣೆಯ ಹೊತ್ತಿಗೆ ಎಲ್ಲರ ಮೊಬೈಲಿಗೂ ಬಂತು. ಎದುರು ಪಕ್ಷದವರಿಗೆ ನಾನು ಅವನು ಇಟ್ಟುಕೊಂಡವಳು. ಅವನ ಕಡೆಯವರಿಗೆ ಎದುರಿನವರು ಕಳಿಸಿದವಳು. ಏನಾಯಿತೆಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಅವನು ಗೆದ್ದು ಹಾರ ಹಾಕಿಸಿಕೊಂಡ, ನಾನು ಊರು ಬಿಟ್ಟೆ.

ಇಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಕೊಟ್ಟವಳು ಗೋದುಬಾಯಿ. ತೀರಿಹೋದ ಗಂಡನ ಆಟೋ ಕೂಡ ನನಗೇ ಬಿಟ್ಟಳು. ಮೊದಲ ವಾರ ಒಬ್ಬ ಹಿಂದೆ ಕೂತು ಮೊಬೈಲು ನೋಡುತ್ತ, “ಈ ಫೋಟೋದಾಗ ಇದ್ದಾಕಿ ನೀನಽ ಹೌದಲ್ಲ?” ಎಂದು ಕೇಳಿದ. ಕಾಳಿ ಹೊಳೆಯ ಸೇತುವೆಯ ನಡುವೆಯೇ ಗಾಡಿ ನಿಲ್ಲಿಸಿ, “ಹೌದ್ರಿ, ನಾನಽ. ಇಳೀರಿ” ಅಂದೆ. ಇಳಿದ. ಆ ದಿನ ಹೊಟ್ಟೆ ತುಂಬ ಉಂಡೆ. ಈಗ ಇಲ್ಲಿಯ ಟೀಚರುಗಳು, ನರ್ಸುಗಳು ಫೋನು ಮಾಡಿ ನನ್ನ ಆಟೋವನ್ನೇ ಕರೆಸಿಕೊಳ್ಳುತ್ತಾರೆ.

ಬಂಗಲೆಯಿಂದ ಬಂದ ಸಂಜೆ ನಿನಗೊಬ್ಬಳಿಗೇ ಎಲ್ಲ ಹೇಳಿದ್ದೆ. ಬಾತಿದ್ದ ಮಣಿಕಟ್ಟಿಗೆ ಅರಿಶಿನ ಹಚ್ಚುತ್ತ ನೀನು, “ಯಾರ ಮುಂದೂ ಅನಬ್ಯಾಡ. ವೀರೇಶನ ನೌಕರಿ ಅವ್ರ ಕೈಯಾಗ ಐತಿ” ಅಂದೆ. ಅನ್ನಲಿಲ್ಲ. ಊರವರು ಉಗಿದಾಗಲೂ ಬಾಯಿ ಬಿಡಲಿಲ್ಲ. ನೀನೂ ಬಿಡಲಿಲ್ಲ. ಆ ಸಾಹೇಬನ ಮೇಲಿನ ಸಿಟ್ಟಿನ ಜೊತೆ ಬದುಕಲು ಕಲಿತಿದ್ದೇನೆ. ನಿನ್ನ ಮೇಲಿನದು ಹಾಗಲ್ಲ, ಉಣ್ಣುವಾಗ ನೆನಪಾದರೆ ತಟ್ಟೆ ಸರಿಸಿ ಏಳುತ್ತೇನೆ.

ಮದುವೆಗೆ ನಾನು ಬರುವುದಿಲ್ಲ. ನಿನ್ನ ಸಾಹೇಬನಿಗೆ ಹೋಳಿಗೆ ಬಡಿಸು.

ನಿನ್ನ ಮಗಳು,
ದಾನೇಶ್ವರಿ

ತಾ.ಕ.: ನಿನ್ನೆ ವೀರೇಶನ ಬಸ್ಸು ಹೊರಟ ಮೇಲೆ ಆಟೋ ನೇರ ಪೊಲೀಸ್ ಠಾಣೆಗೆ ಓಡಿಸಿದೆ. ದೂರು ಕೊಟ್ಟೆ. ಅವತ್ತು ಬಾತಿದ್ದ ನನ್ನ ಕೈಯನ್ನು ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದರು. ನಿನ್ನ ಹೆಸರು ಬರೆಸಿದ್ದೇನೆ ಅವ್ವಾ. ಮದುವೆಗೆ ಮೊದಲೇ ಕೇಳಲು ಬರುತ್ತಾರೆ. ನೀನು ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ.